ಇಗರ್ಜಿಯ ಕಿಟಕಿಗಳಲ್ಲಿ ಏಳು ದಿನ

ಮೊದಲ ದಿನ, ಶನಿವಾರ: ಬೆಂಗಳೂರಿನಿಂದ ಬಂಟ್ವಾಳದ ಕಡೆಗೆ

ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟ ವ್ಯಾನಿನಲ್ಲಿ ಮೂವರು ಜನ, ಉಳಿದದ್ದೆಲ್ಲ ಸಾಮಾನು. ಆರೂವರೆ ಇಂಚಿನ ಕೋನ್ ಇರುವ 8 ಓಮ್ ಸ್ಪೀಕರ್ ಪೆಟ್ಟಿಗೆ 12 (ಬೇಕಾದದ್ದು 8, ನಾಲ್ಕು ಕೈಮೀಸಲು), ಎರಡೆರಡು ಚಾನೆಲ್ಲಿನ ಕ್ಲಾಸ್-ಡಿ ಆಂಪ್ಲಿಫಯರ್ ಬೋರ್ಡು 5, 24 ವೋಲ್ಟಿನ ಪವರ್ ಸಪ್ಲೈ 2, ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಎಂಟು ಔಟ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡು, 1.5 ಚದರ ಮಿಲಿಮೀಟರಿನ ಎರಡೆಳೆ ವೈರಿನ ನೂರು ಮೀಟರಿನ ಎರಡು ಸುರುಳಿ, ಎರಡು ರೆಕಾರ್ಡರ್, ನಾಲ್ಕು ಮೈಕು, ಒಂದು ಪ್ಯಾಕೆಟ್ ಬಲೂನು. ಬಲೂನು ಆಟಕ್ಕಲ್ಲ, ಅಳತೆಗೆ.

ಕೆಲಸ ಇಷ್ಟೇ: ನೇತ್ರಾವತಿಗೆ ಕೂಗಳತೆ ದೂರದ ಒಂದು ಹಳೆಯ ಇಗರ್ಜಿಯೊಳಗೆ, ಅಂದರೆ ಚರ್ಚಿನೊಳಗೆ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ತನಕ ಮೂರು ವಾರ, ಆ ಊರಿನವರ ದನಿಗಳನ್ನು ಊರಿನವರಿಗೇ ಕೇಳಿಸುವುದು. ಸಂಗೀತ ಕಛೇರಿಯಲ್ಲ, ಧ್ವನಿ-ಬೆಳಕು ಪ್ರದರ್ಶನವೂ ಅಲ್ಲ. ಬಂದವರು ಬೆಂಚಿನ ಮೇಲೆ ಕೂತುಕೊಳ್ಳುತ್ತಾರೆ, ಪಕ್ಕದ ಕಿಟಕಿಯಿಂದ ಯಾರೋ ಮಾತಾಡುತ್ತಾರೆ, ಸುಮ್ಮನಾಗುತ್ತಾರೆ.

ಹಾಸನದಲ್ಲಿ ತಿಂಡಿ ಮುಗಿಸಿ 20 ಕಿಲೋಮೀಟರ್ ಆಸುಪಾಸಿನ ಶೆಟ್ಟಿಹಳ್ಳಿಗೆ ವ್ಯಾನು ತಿರುಗಿಸಿದೆವು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಈಗ ಹೇಮಾವತಿ ಹಿನ್ನೀರಿನ ಪಾಲು. ಮಳೆಗಾಲದಲ್ಲಿ ಮುಳುಗುತ್ತದೆ, ನೀರಿಳಿದಾಗ ಎದ್ದು ನಿಲ್ಲುತ್ತದೆ. ಫೋಟೋಕ್ಕೆ ಬರುವವರೇ ಹೆಚ್ಚು. ನಮಗೆ ಬೇಕಾಗಿದ್ದದ್ದು ಒಂದು ಚಪ್ಪಾಳೆ. ಗೋಡೆಗಳಿಂದ ಒಂದು ಗಡಸು ಪ್ರತಿಧ್ವನಿ ಬಂದು ಹೋಯಿತು, ಅಷ್ಟೇ. ಚಾವಣಿ ಇಲ್ಲದ ಕಡೆ ಸದ್ದು ಮೇಲೆ ಹೋಗಿ ವಾಪಸ್ ಬರುವುದಿಲ್ಲ. ಕಮಾನುಗಳು ಎಷ್ಟು ಎತ್ತರವಿದ್ದರೂ ಕಿವಿಯ ಮಟ್ಟಿಗೆ ಅದು ಬಯಲು. ಸಂಜೆ ಇದೇ ಚಪ್ಪಾಳೆಯನ್ನು ಹೆಂಚಿನ ಮಾಡಿನ ಕೆಳಗೆ ಹೊಡೆದಾಗ ಹೋಲಿಸಲು ಒಂದು ಆಧಾರವಾಯಿತು.

ಶಿರಾಡಿ ಘಾಟಿ ಇಳಿದು ಊರು ಮುಟ್ಟುವಾಗ ಮುಸ್ಸಂಜೆ. ರಾತ್ರಿ ಫಾದರ್ ಮತ್ತು ವಾರ್ಡುಗಳ ಗುರ್ಕಾರರ (ಮುಖಂಡರ) ಜೊತೆ ಸಭೆ. ಧರ್ಮಪ್ರಾಂತ್ಯದ ಅನುಮತಿ ಪತ್ರ ಮೊದಲೇ ಬಂದಿತ್ತು. ಇದನ್ನು ಯಾರೂ ಕೊನೆಗೆ ಇಟ್ಟುಕೊಳ್ಳಬಾರದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1210ನೇ ವಿಧಿಯ ಪ್ರಕಾರ ಪವಿತ್ರ ಸ್ಥಳದಲ್ಲಿ ಆರಾಧನೆಗೆ ಹೊರತಾದ ಬಳಕೆಗೆ ಮೇಲಧಿಕಾರಿಯ ಒಪ್ಪಿಗೆ ಪ್ರತಿಸಲವೂ ಬೇಕು, ಅದೂ ಸ್ಥಳದ ಪಾವಿತ್ರ್ಯಕ್ಕೆ ಒಗ್ಗುವಂತಿದ್ದರೆ ಮಾತ್ರ. ಸಭೆಯಲ್ಲಿ ಫಾದರ್ ಇಟ್ಟ ಷರತ್ತು ಮೂರು: ಬಲಿಪೀಠದ ಆವರಣದೊಳಗೆ ಒಂದು ತಂತಿಯೂ ಹೋಗಬಾರದು, ಪ್ರಾರ್ಥನೆಯ ಹೊತ್ತಿಗೆ ಚಕಾರ ಇರಬಾರದು, ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಬಾರದು. ಮೂರೂ ನ್ಯಾಯವೇ.

ಎರಡನೇ ದಿನ, ಭಾನುವಾರ: ಕೇಳುವುದು, ಅಳೆಯುವುದು

ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಮಾಡು, ಕೆಳಗೆ ಕೆಂಪು ಕಾವಿನೆಲ. ಜನ ಕೂರುವ ಅಂಕಣ 32 ಮೀಟರ್ ಉದ್ದ, 11 ಮೀಟರ್ ಅಗಲ. ಇಳಿಜಾರು ಮಾಡು ಲೆಕ್ಕ ಹಾಕಿದರೆ ಸರಾಸರಿ ಎತ್ತರ ಎಂಟೂವರೆ ಮೀಟರ್. ಅಂದರೆ ಹೆಚ್ಚುಕಡಿಮೆ 3,000 ಘನ ಮೀಟರ್ ಗಾಳಿ. ಈ ಗಾಳಿಯೇ ವಾದ್ಯ, ಸ್ಪೀಕರ್ ಬರೀ ಕೋಲು.

ಮಧ್ಯಾಹ್ನ ಇಗರ್ಜಿ ಖಾಲಿಯಾದ ಮೇಲೆ ಫ್ಯಾನೆಲ್ಲ ಆರಿಸಿ ಬಲೂನು ಒಡೆದೆವು. ಹನ್ನೆರಡಿಂಚಿನದು, ಚೆನ್ನಾಗಿ ಊದಿದ್ದು. ಕಡಿಮೆ ಊದಿದರೆ ತಗ್ಗು ಸ್ವರದ ಸದ್ದು ಸಾಕಾಗುವುದಿಲ್ಲ. ನಾಲ್ಕು ಜಾಗದಲ್ಲಿ ಮೂರು ಮೂರು ಸಲ. ರೆಕಾರ್ಡರನ್ನು ಒಡೆಯುವ ಜಾಗದಿಂದ ಹತ್ತು ಮೀಟರ್ ಆಚೆ, ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ಬಿಟ್ಟು ಇಡಬೇಕು. ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತೇ ಅನುರಣನ ಕಾಲ. ನಿಜ ಜಾಗದಲ್ಲಿ ಪೂರ್ತಿ 60 ಸಿಗುವುದಿಲ್ಲ, ದೂರದ ಲಾರಿಯ ಸದ್ದಿನಲ್ಲಿ ಬಾಲ ಮುಳುಗಿ ಹೋಗುತ್ತದೆ. ಹಾಗಾಗಿ 30 ಡೆಸಿಬೆಲ್ ಇಳಿಯುವ ಹೊತ್ತು ನೋಡಿ ಎರಡರಿಂದ ಗುಣಿಸುವುದು. ಸಿಕ್ಕಿದ್ದು 2.8 ಸೆಕೆಂಡ್.

ಅದಕ್ಕೂ ಮೊದಲು, ಬೆಳಗಿನ ಬಲಿಪೂಜೆ ಮುಗಿದಾಗ ಫಾದರ್ ಮೈಕಿನಲ್ಲಿ ಹೇಳಿ ಜನರನ್ನು ಎರಡು ನಿಮಿಷ ಕೂರಿಸಿದ್ದರು. ಸುಮಾರು 300 ಜನ. ಹಿಂದಿನ ಬೆಂಚಿನಿಂದ ಒಬ್ಬರು, "ಎಂತ ಮಾರಾಯ್ರೆ, ಇಗರ್ಜಿಯ ಒಳಗೆ ಬಲೂನು ಒಡೆಯುವುದಾ?" ಅಂದರು. ಒಡೆಯಿತು, ಎರಡು ಮಕ್ಕಳು ಅತ್ತವು, ಲೆಕ್ಕ 1.6 ಸೆಕೆಂಡಿಗೆ ಇಳಿದಿತ್ತು. ಜನರ ಮೈ ಮತ್ತು ಬಟ್ಟೆ ಸದ್ದನ್ನು ಕುಡಿಯುತ್ತವೆ. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಂನ ಕೆಟ್ಟ ಉಪನ್ಯಾಸ ಕೋಣೆಯನ್ನು ಸರಿಮಾಡಲು ಹೊರಟ ವ್ಯಾಲೇಸ್ ಸಬೀನ್, ಪಕ್ಕದ ನಾಟಕಶಾಲೆಯ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದು ಆರ್ಗನ್ ಕೊಳವೆ ಮತ್ತು ಗಡಿಯಾರ ಹಿಡಿದು ಇದನ್ನೇ ಎಣಿಸಿದ್ದು. ಅವನ ಸೂತ್ರ ಇವತ್ತಿಗೂ ಸಾಕು: 0.161ನ್ನು ಘನ ಅಳತೆಯಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿ. ಖಾಲಿ ಇಗರ್ಜಿಯ ಹೀರುವಿಕೆ ಸುಮಾರು 172 ಚದರ ಮೀಟರ್ ಬರುತ್ತದೆ, ತಲೆಗೆ 0.45ರಂತೆ 300 ಜನರ 135 ಸೇರಿಸಿದರೆ 307. ಬಲೂನು ಹೇಳಿದ್ದೂ ಇದೇ.

ಇದರಿಂದ ಎರಡು ವಿಷಯ ಇತ್ಯರ್ಥವಾದವು. ಒಂದು, ಭಾನುವಾರದ ಇಗರ್ಜಿಗೆ ಶ್ರುತಿ ಕೂಡಿಸಿದರೆ ವಾರದ ದಿನಗಳಲ್ಲಿ ಎಲ್ಲ ಕಲಸುಮೇಲೋಗರ. ನಮ್ಮ ಕೇಳುಗರು ಒಂದು ಸಲಕ್ಕೆ ಐದೋ ಹತ್ತೋ ಜನ, ಆದ್ದರಿಂದ 2.8ನ್ನೇ ನಂಬಬೇಕು. ಎರಡು, ಇಷ್ಟು ಗಾಳಿ, ಇಷ್ಟು ಅನುರಣನ ಇದ್ದಾಗ ಸಾಧಾರಣ ಸ್ಪೀಕರಿನ ಎದುರು ಸುಮಾರು ನಾಲ್ಕು ಮೀಟರ್ ಒಳಗೆ ಮಾತ್ರ ಮಾತು ಮಾತಾಗಿ ಕೇಳುತ್ತದೆ. ಅದರಾಚೆ ಗೋಡೆಯಿಂದ ಬಂದದ್ದು ನೇರ ಸದ್ದನ್ನು ಮೀರುತ್ತದೆ. ಅರ್ಥ ಕರಗಿ ದನಿ ಮಾತ್ರ ಉಳಿಯುತ್ತದೆ. ವಾಲ್ಯೂಮ್ ಏರಿಸಿದರೆ ಎರಡೂ ಸಮಸಮ ಏರುತ್ತವೆ, ಏನೂ ಪ್ರಯೋಜನವಿಲ್ಲ. ಸ್ಪೀಕರನ್ನೇ ಕೇಳುಗರ ಹತ್ತಿರ ತರಬೇಕು.

ಸಂಜೆ ಸುಮ್ಮನೆ ಕೂತು ಒಂದು ಗಂಟೆ ಇಗರ್ಜಿಯನ್ನೇ ರೆಕಾರ್ಡ್ ಮಾಡಿದೆವು. ಬಿಸಿಲು ಇಳಿದ ಹಾಗೆ ಮಾಡಿನ ಮರದ ಪಕ್ಕಾಸು, ರೀಪುಗಳು ಟಿಕ್ ಟಿಕ್ ಎನ್ನತೊಡಗಿದವು, ಆರರಿಂದ ಏಳರ ನಡುವೆ ಜಾಸ್ತಿ. ಫ್ಯಾನ್ ಆರಿಸಿದಾಗ 36 ಡೆಸಿಬೆಲ್, ಹಾಕಿದಾಗ 48. ಹನ್ನೆರಡರ ಈ ವ್ಯತ್ಯಾಸಕ್ಕೇ ಮುಂದೆ ಅರ್ಧ ದಿನ ಹೋಗಲಿಕ್ಕಿತ್ತು.

ಮೂರನೇ ದಿನ, ಸೋಮವಾರ: ದನಿ ಕೂಡಿಸುವುದು

ಗುರ್ಕಾರರು ಮನೆಮನೆಗೆ ಹೇಳಿಬಂದಿದ್ದರು. ಊರೆಂದರೆ ಕ್ರೈಸ್ತರು ಮಾತ್ರ ಅಲ್ಲವಲ್ಲ. ತುಳು ಮಾತಾಡುವ ಬಿಲ್ಲವರ ಮನೆ, ಬ್ಯಾರಿಗಳ ಅಂಗಡಿ, ಕೊಂಕಣಿಯ ಬಾಯಿಗಳು (ಕ್ರೈಸ್ತ ಹೆಂಗಸರು), ಎಲ್ಲರನ್ನೂ ಕರೆಯುವುದೆಂದು ಸಭೆಯಲ್ಲೇ ತೀರ್ಮಾನವಾಗಿತ್ತು. ಒಪ್ಪಿಗೆ ಚೀಟಿ ಕನ್ನಡ ಲಿಪಿಯಲ್ಲೇ, ಕನ್ನಡ ಮತ್ತು ಕೊಂಕಣಿ ಎರಡರಲ್ಲೂ. ಅದರಲ್ಲಿ ಮೂರು ಪ್ರಶ್ನೆ: ಹೆಸರು ಹಾಕಬಹುದೇ, ಮೂರು ವಾರದ ನಂತರ ಇಟ್ಟುಕೊಳ್ಳಬಹುದೇ, ಬೇಡವೆನಿಸಿದರೆ ಯಾರಿಗೆ ಹೇಳಬೇಕು. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಜಗಳ ಏಳುವುದೂ ಅಲ್ಲಿಂದಲೇ.

ಸೆಟ್ಟಿಂಗು 48 ಕಿಲೋಹರ್ಟ್ಸ್, 24 ಬಿಟ್. ಅತಿ ಜೋರು ಮೈನಸ್ 12 ಡೆಸಿಬೆಲ್ ದಾಟದ ಹಾಗೆ. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಲ್ಲ, ಬಾಯಿಯ ಪಕ್ಕಕ್ಕೆ ಸ್ವಲ್ಪ ಸರಿದು. ಇಲ್ಲದಿದ್ದರೆ ಪ, ಭ ಬಂದಾಗಲೆಲ್ಲ ಗುದ್ದು. ಮನೆಯಲ್ಲಿ ಫ್ಯಾನು, ಟೀವಿ, ಫ್ರಿಜ್ಜು ಆರಿಸಬೇಕು. ಫ್ರಿಜ್ಜು ಆರಿಸಿದ ಕೂಡಲೇ ವ್ಯಾನಿನ ಕೀಲಿಯನ್ನು ಅದರೊಳಗೆ ಇಡುವುದು. ಹೊರಡುವಾಗ ಕೀಲಿ ಹುಡುಕುತ್ತೀರಿ, ಫ್ರಿಜ್ಜು ಹಾಕುವುದು ನೆನಪಾಗುತ್ತದೆ, ಆ ಮನೆಯ ಮೀನು ಉಳಿಯುತ್ತದೆ. ಪ್ರತಿ ಕೋಣೆಯಲ್ಲಿ ಯಾರೂ ಮಾತಾಡದ ಒಂದು ನಿಮಿಷವನ್ನೂ ಹಿಡಿದಿಟ್ಟುಕೊಳ್ಳಬೇಕು. ಮಾತು ಕತ್ತರಿಸಿದಲ್ಲಿ ತುಂಬಲು ಅದೇ ಬೇಕು, ಬರೀ ಶೂನ್ಯ ಹಾಕಿದರೆ ಕಿವಿಗೆ ಹಳ್ಳ ಬಿದ್ದ ಹಾಗಾಗುತ್ತದೆ.

ಬೆಳಗಿನ ಎಂಟು ರೆಕಾರ್ಡಿಂಗ್ ಹಾಳು. ತಪ್ಪು ಕೇಳಿದ್ದರಲ್ಲಿತ್ತು. "ಊರಿನ ಬಗ್ಗೆ ಏನಾದರೂ ಹೇಳಿ" ಎಂದರೆ ಎಲ್ಲರೂ ಆಕಾಶವಾಣಿಯ ವಾರ್ತೆಯ ದನಿಗೆ ಹೋದರು. ಮಧ್ಯಾಹ್ನದಿಂದ ಹೇಳುವುದನ್ನು ಬಿಟ್ಟು ಮಾಡುವುದನ್ನು ಕೇಳಿದೆವು. ಕೋಳಿ ಕರೆಯಿರಿ. ತೆಂಗಿನಕಾಯಿ ಎಣಿಸಿ. ನಾಟಿ ಗದ್ದೆಯ ಓಬೇಲೆ ಹಾಡಿ. ಸಂಜೆಯ ಆಮೋರಿ ಪ್ರಾರ್ಥನೆ ಹೇಳುವುದು ಹೇಗೆ? ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರವಾದ ರೋಸ್‌ನ ದಿನ ವೊವಿಯೊ ಎಂಬ ಮದುವೆ ಹಾಡು ಹಾಡುವುದು ಹೇಗೆ? ದನಿ ತನ್ನಷ್ಟಕ್ಕೆ ಬಂತು.

ಇದರಲ್ಲೆಲ್ಲ ಒಳ್ಳೆಯದು ದೋಣಿಯ ಕೂಗು. ಸೇತುವೆ ಬರುವ ಮೊದಲು ಈ ದಂಡೆಯಿಂದ ಆ ದಂಡೆಯ ದೋಣಿಯವನನ್ನು ಕರೆಯಬೇಕಿತ್ತು. ಎಂಬತ್ತು ದಾಟಿದ ಒಬ್ಬ ಅಜ್ಜಿ ಚಾವಡಿಯಲ್ಲಿ ಕೂತು ಕೂಗಿ ತೋರಿಸಿದರು, ಸಪ್ಪೆಯಾಯಿತು. ಕೂಗಿಗೆ ಹೊಳೆ ಬೇಕು. ಆಟೋದಲ್ಲಿ ದಂಡೆಗೆ ಕರೆದುಕೊಂಡು ಹೋಗಿ, ಗಾಳಿತಡೆಯ ರೋಮದ ಚೀಲ ತೊಡಿಸಿದ ಮೈಕನ್ನು ಆರು ಮೀಟರ್ ಆಚೆ ನಿಲ್ಲಿಸಿದೆವು. ಅವರು ಎರಡೂ ಕೈ ಬಾಯಿಗೆ ಕಟ್ಟಿಕೊಂಡು ಒಂದೇ ಒಂದು "ಓ" ಎಳೆದರು. ನಾಲ್ಕು ಸೆಕೆಂಡಿನ ಸ್ವರ, ಕೊನೆಗೆ ಸಣ್ಣಗೆ ಮೇಲಕ್ಕೆ ತಿರುಗುವುದು. ವ್ಯಂಜನವೇ ಇಲ್ಲ. ನೀರಿನ ಮೇಲೆ ಮುನ್ನೂರು ಮೀಟರ್ ಸಾಗಬೇಕಾದ ಕೂಗಿನಲ್ಲಿ ವ್ಯಂಜನ ಇಟ್ಟು ಫಲವಿಲ್ಲ, ದಾರಿಯಲ್ಲೇ ಉದುರಿ ಹೋಗುತ್ತದೆ. ಖಾಲಿ ಇಗರ್ಜಿಗೂ ಇದೇ ನಿಯಮ. ರಾತ್ರಿ ಒಂದು ಸ್ಪೀಕರಿನಲ್ಲಿ ಹಾಕಿ ನೋಡಿದಾಗ ಆ ಕೂಗನ್ನು ಕಟ್ಟಡ ಎರಡೂ ಕೈಯಲ್ಲಿ ಎತ್ತಿಕೊಂಡಿತು. ಅದೇ ಹೊತ್ತಿಗೆ ಹಾಕಿದ ಮೀನು ಮಾರ್ಕೆಟಿನ ಚುರುಕು ಚೌಕಾಸಿ ಬರೀ ಗಿಜಿಗಿಜಿ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಅರ್ಧಕ್ಕೇ ನಿಂತಿತು. ಆರಿಸುವ ಕೆಲಸ ಕಟ್ಟಡದ್ದು.

ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಹೆಂಚು ತಟ್ಟಿ ತೋರಿಸಿದರು. ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದದ್ದು ಕಂಚಿನ ಹಾಗೆ ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಹಾಗೆ ಥಡ್. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು ಇದೇ ನೇತ್ರಾವತಿಯ ದಂಡೆಯಲ್ಲಿ. ಮಣ್ಣು ಬಂದದ್ದೂ ಹೆಂಚು ಹೋದದ್ದೂ ದೋಣಿಯಲ್ಲಿ. ಇಪ್ಪತ್ತು ಹೆಂಚು ಸಾಲಾಗಿ ಇಟ್ಟು ಅವರು ಒಂದು ಕಡೆಯಿಂದ ತಟ್ಟುತ್ತ ಹೋದರು. ಹದಿಮೂರನೆಯದು ಥಡ್ ಎಂದಿತು. "ಇದು ಬೇಡ, ಬಿಸಾಡಿ" ಎಂದು ಕೆಳಗಿಟ್ಟರು. ಆ ಮಾತನ್ನು ಕತ್ತರಿಸಲಿಲ್ಲ.

ನಾಲ್ಕನೇ ದಿನ, ಮಂಗಳವಾರ: ಘಂಟೆ, ಗುಮಟೆ

ಘಂಟೆ ಗೋಪುರಕ್ಕೆ ಇಯರ್‌ಪ್ಲಗ್ ಇಲ್ಲದೆ ಹತ್ತಬಾರದು. ಎರಡು ಮೀಟರ್ ದೂರದಲ್ಲಿ ಮೈಕಿನ ಸದ್ದು ತಗ್ಗಿಸುವ 20 ಡೆಸಿಬೆಲ್ ಪ್ಯಾಡ್ ಹಾಕಿದರೂ ಮೊದಲ ಏಟಿಗೆ ಕೆಂಪು ದೀಪ. ಹಾಡುವ ತಂಡ ನಿಲ್ಲುವ ಕೊಯರ್ ಅಟ್ಟದಲ್ಲಿ ಒಂದು, 150 ಮೀಟರ್ ಆಚೆಯ ಗದ್ದೆಯಲ್ಲಿ ಒಂದು ಮೈಕು ಇಟ್ಟು ಮೂರೂ ಕಡೆ ಹಿಡಿದೆವು. ಯುರೋಪಿನ ಮಾದರಿಯ ಘಂಟೆಯಲ್ಲಿ ಒಂದು ಸ್ವರ ಇರುವುದಿಲ್ಲ, ಸ್ವರಗಳ ಗುಂಪೇ ಇರುತ್ತದೆ. ತಗ್ಗಿನ ಗುಂಯ್‌ಗುಟ್ಟುವಿಕೆ, ಅದರ ಒಂದು ಸ್ಥಾಯಿ ಮೇಲೆ ಮೂಲ ಸ್ವರ, ಅದಕ್ಕೆ ಅಂಟಿಕೊಂಡು ಕೋಮಲ ಗಾಂಧಾರದ ಅಂತರದ ಇನ್ನೊಂದು. ಮಂಗಳ ಕಾರ್ಯಕ್ಕೆ ಬಾರಿಸಿದರೂ ಆ ದನಿಯಲ್ಲಿ ಸಣ್ಣ ದುಗುಡ ಇರುವುದು ಇದರಿಂದ.

ಗುಮಟೆ ಒಂದು ತಕರಾರು. ಮಣ್ಣಿನ ಮಡಕೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಿಂದ ಅದು ನಿಂತು ಈಗ ಆಡಿನ ಚರ್ಮ. ಬಾರಿಸುವ ಹಿರಿಯರ ಪ್ರಕಾರ ಆಡಿನದು ಸ್ವಲ್ಪ ಮಂಕು, ಬೆಳಗಿನ ತಂಪಿಗೆ ಸಡಿಲ. ಬಿಸಿಲಿಗೆ ಹತ್ತು ನಿಮಿಷ ಇಟ್ಟ ಮೇಲೆ ರೆಕಾರ್ಡ್ ಮಾಡಿದೆವು. ಹೊರಗೆ ಸೊಗಸು, ಒಳಗೆ ಹಾಕಿದರೆ ಒಂದು ಏಟಿನ ಬಾಲ ಮುಗಿಯುವ ಮೊದಲು ಇನ್ನು ಎಂಟು ಏಟು ಬಂದು ಕೂರುತ್ತವೆ, ತಾಳವೇ ಇಲ್ಲ. ಬಿಡುವುದೂ ಸಾಧ್ಯವಿಲ್ಲ, ಊರಿನ ಹುಡುಗರು ಕೇಳುವುದೇ ಅದನ್ನು. ಮುಖಮಂಟಪದಲ್ಲಿ ಒಂದು ಸ್ಪೀಕರ್ ಇಟ್ಟರೆ ಹೇಗೆ ಎಂದು ಬರೆದಿಟ್ಟುಕೊಂಡು ಮುಂದೆ ಹೋದೆವು. ರುಬ್ಬುವ ಕಲ್ಲು, ಮಕ್ಕಳು ನಾಲ್ಕು ಭಾಷೆಯಲ್ಲಿ ಎಣಿಸುವ ಒಂದರಿಂದ ಹತ್ತು, ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವ ಮೂವರು ಸಹೋದರಿಯರು. ಎರಡು ದಿನಕ್ಕೆ ಒಟ್ಟು 61 ತುಣುಕು.

ಐದನೇ ದಿನ, ಬುಧವಾರ: ತಂತಿ

ಮೊಳೆ ಹೊಡೆಯಬಾರದು, ಟೇಪು ಅಂಟಿಸಬಾರದು. ಟೇಪಿನ ವಿಷಯ ಫಾದರ್ ಹೇಳಿರಲಿಲ್ಲ, ಗೋಡೆ ಹೇಳಿತು: ಮೂಲೆಯಲ್ಲಿ ಬೆರಳಗಲ ಮಾಸ್ಕಿಂಗ್ ಟೇಪ್ ಹಚ್ಚಿ ಕಿತ್ತಾಗ ಸುಣ್ಣದ ಪದರವೂ ಎದ್ದು ಬಂತು. ಕಾವಿನೆಲಕ್ಕೆ ಗ್ಯಾಫರ್ ಟೇಪಿನ ಗೋಂದು ಹಿಡಿದರೆ ಬಣ್ಣವೇ ಕೆಡುತ್ತದೆ.

ಪರಿಹಾರ ಕಟ್ಟಡದಲ್ಲೇ ಇತ್ತು. ಮುಕ್ಕಾಲು ಮೀಟರ್ ದಪ್ಪದ ಗೋಡೆ, ಒಂದೊಂದು ಬದಿಗೆ ನಾಲ್ಕು ಕಿಟಕಿ, ಪ್ರತಿಯೊಂದಕ್ಕೂ ಮಲಗುವಷ್ಟು ಅಗಲದ ಹಲಗೆಗಲ್ಲು. ಎಂಟು ಕಿಟಕಿಗೆ ಎಂಟು ಸ್ಪೀಕರ್. ಕೂತವರ ಕಿವಿ ನೆಲದಿಂದ 1.1 ಮೀಟರ್, ಕಿಟಕಿಗಲ್ಲು 1.2, ಬೆಂಚಿನ ತುದಿಯಿಂದ ಸ್ಪೀಕರಿಗೆ ಎರಡು ಮೀಟರಿಗಿಂತ ಕಡಿಮೆ. ಪೆಟ್ಟಿಗೆಯನ್ನು ಕಿಟಕಿಯ ಗೂಡಿನೊಳಗೆ ತಳ್ಳಿದರೆ ಮೂರು ಬದಿಯ ಕಲ್ಲು ತಗ್ಗು ಸ್ವರವನ್ನು ಉಬ್ಬಿಸಿ ಗಂಡಸರ ದನಿ ಹಂಡೆಯೊಳಗಿಂದ ಬಂದ ಹಾಗಾಗುತ್ತದೆ. ಮುಂದಿನ ಅಂಚಿಗೆ ತಂದು, ಅಡಿಗೆ ಹತ್ತು ಮಿಲಿಮೀಟರಿನ ರಬ್ಬರ್ ಹಾಸಿ, ಮುಖವನ್ನು ಬೆಂಚಿನತ್ತ ತುಸು ಬಗ್ಗಿಸಿ ಇಟ್ಟೆವು. ಬೀಳದ ಹಾಗೆ ಹಿಂದೆ ಎರಡು ಕಿಲೋ ಮರಳಿನ ಬಟ್ಟೆಚೀಲ, ಕಿಟಕಿಯ ಸರಳಿಗೆ ನೂಲಿನ ಹಗ್ಗ.

ಆಂಪ್ಲಿಫಯರುಗಳೆಲ್ಲ ಕೊಯರ್ ಅಟ್ಟದಲ್ಲಿ. ಅಲ್ಲಿಂದ ಒಂದೊಂದು ಬದಿಗೆ 11, 18, 25, 32 ಮೀಟರ್. ಎರಡೂ ಬದಿ ಸೇರಿ 172, ಸಡಿಲಕ್ಕೆ ಬಿಟ್ಟದ್ದೂ ಸೇರಿ ಇನ್ನೂರು ಸರಿಹೋಯಿತು. 0.75ರ ತೆಳು ವೈರು ಹಾಕಿದರೆ ದೂರದ ಸ್ಪೀಕರಿನಲ್ಲಿ ಒಂದೂವರೆ ಡೆಸಿಬೆಲ್ ಕಳೆಯುತ್ತದೆ, 1.5ರಲ್ಲಿ ಒಂದಕ್ಕಿಂತ ಕಡಿಮೆ. 2.5 ಹಾಕಬಹುದು, ದುಡ್ಡು ದಂಡ. ಬಾಗಿಲು ದಾಟುವಲ್ಲಿ ವೈರಿನ ಮೇಲೆ ಕತ್ತದ ಚಾಪೆ.

ಇಲ್ಲೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಸಹಾಯಕ್ಕೆ ಬಂದ ಊರಿನ ಎಲೆಕ್ಟ್ರಿಷಿಯನ್ ವೈರು ಉಳಿಸಲು ನಾಲ್ಕು ಸ್ಪೀಕರಿನ ಮೈನಸ್ ತಂತಿಗಳನ್ನು ಒಟ್ಟು ಸೇರಿಸಿ ಒಂದೇ ಎಳೆಯಲ್ಲಿ ತರಲು ಹೊರಟಿದ್ದರು. ಮನೆಯ ದೀಪಕ್ಕೆ ನ್ಯೂಟ್ರಲ್ ಹಂಚುವ ಹಾಗೆ, ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಕ್ಲಾಸ್-ಡಿ ಬೋರ್ಡುಗಳ ಔಟ್‌ಪುಟ್ ಬ್ರಿಜ್ ಜೋಡಣೆಯದು. ಪ್ಲಸ್ಸಿನಲ್ಲೂ ಮೈನಸ್ಸಿನಲ್ಲೂ ಸಂಕೇತ ಇರುತ್ತದೆ, ಮೈನಸ್ ಎಂಬುದು ನೆಲವೇ ಅಲ್ಲ. ಎರಡು ಮೈನಸ್ ಮುಟ್ಟಿಸಿದರೆ ಬೋರ್ಡು ತಾನೇ ಆರಬಹುದು, ಅದೃಷ್ಟ ಕೆಟ್ಟರೆ ಸುಡಬಹುದು. ಪ್ರತಿ ಸ್ಪೀಕರಿಗೂ ಅದರದೇ ಎರಡೆಳೆ.

ಸಂಜೆ ಹಾಕಿದರೆ 50 ಹರ್ಟ್ಸಿನ ಗುಂಯ್. ಆಂಪ್ಲಿಫಯರ್ ಅಟ್ಟದ ಸಾಕೆಟ್ಟಿನಲ್ಲಿ, ಲ್ಯಾಪ್‌ಟಾಪ್ ಕೆಳಗಿನ ಸಾಕೆಟ್ಟಿನಲ್ಲಿ. ಎರಡರ ಅರ್ಥಿಂಗ್ ಬೇರೆ ಬೇರೆ ಗುಂಡಿಗೆ ಇಳಿದಿದೆ, ನಡುವಿನ ಸಣ್ಣ ವೋಲ್ಟೇಜು ಸದ್ದಿನ ತಂತಿಯೊಳಗೆ ಹರಿಯುತ್ತದೆ. ಇಂಥಲ್ಲಿ ಪ್ಲಗ್ಗಿನ ಮೂರನೇ ಪಿನ್ನು ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ. ಗುಂಯ್ ನಿಲ್ಲುತ್ತದೆ, ಒಂದು ದಿನ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಎಲ್ಲವನ್ನೂ ಒಂದೇ ಸಾಕೆಟ್ಟಿನ ಬೋರ್ಡಿಗೆ ತಂದರೆ ಸಾಕು. ಅದು ಹೋದ ಮೇಲೆ ಒಂದು ಸಣ್ಣ ಜಿರ್ ಉಳಿಯಿತು, ಫ್ಯಾನ್ ಹಾಕಿದಾಗ ಮಾತ್ರ. ರೆಗ್ಯುಲೇಟರಿನ ಕೆಲಸ. ಕಾರ್ಡಿನಿಂದ ಆಂಪ್ಲಿಫಯರಿಗೆ ಹೋಗುವ ಕೇಬಲ್ಲನ್ನು ಮೂರು ಮೀಟರಿನಿಂದ ಒಂದಕ್ಕೆ ಇಳಿಸಿ, ಫ್ಯಾನಿನ ವೈರಿನಿಂದ ದೂರ ಸರಿಸಿದಾಗ ಅದೂ ಹೋಯಿತು.

ಆರನೇ ದಿನ, ಗುರುವಾರ: ಕಳೆಯುವುದು

ಜಾನೆಟ್ ಕಾರ್ಡಿಫ್ 2001ರಲ್ಲಿ 40 ಭಾಗಗಳ ಒಂದು ಹಳೆಯ ಗಾಯನವನ್ನು 40 ಸ್ಪೀಕರುಗಳಿಗೆ ಹಂಚಿದ್ದರು, ಒಂದು ಭಾಗಕ್ಕೆ ಒಂದು ಸ್ಪೀಕರ್. ಕೇಳುಗರು ನಡೆಯುತ್ತ ಒಬ್ಬೊಬ್ಬರ ಬಾಯಿಯ ಹತ್ತಿರ ಹೋಗಬಹುದು. ಆ ನೇಮ ಇಲ್ಲಿಗೂ ಒಗ್ಗುತ್ತದೆ, ಕಾರಣ ಬರೀ ಲೆಕ್ಕದ್ದು. ಸದ್ದು ಒಂದು ಮೀಟರ್ ಸಾಗಲು 2.9 ಮಿಲಿಸೆಕೆಂಡ್ ಬೇಕು. ಒಂದೇ ದನಿಯನ್ನು ಮೊದಲ ಕಿಟಕಿ ಮತ್ತು 21 ಮೀಟರ್ ಆಚೆಯ ಕೊನೆಯ ಕಿಟಕಿ ಎರಡಕ್ಕೂ ಕೊಟ್ಟರೆ ಒಂದರ ಪಕ್ಕ ಕೂತವರಿಗೆ ಇನ್ನೊಂದು 60 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 50ರ ಆಸುಪಾಸು ದಾಟಿದರೆ ಕಿವಿ ಅದನ್ನು ಬೇರೆ ಮಾತೆಂದೇ ಎಣಿಸುತ್ತದೆ. ಒಂದು ದನಿಗೆ ಒಂದೇ ಕಿಟಕಿ.

61ರಲ್ಲಿ ಉಳಿದದ್ದು 23. ತೆಗೆದದ್ದರಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು, ಹೆಡ್‌ಫೋನಿನಲ್ಲಿ. ಉಳಿದವುಗಳಿಗೆ 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 250ರ ಸುತ್ತ ನಾಲ್ಕು ಡೆಸಿಬೆಲ್ ತಗ್ಗಿಸಿದೆವು. ಹೆಂಗಸರ ದನಿಗೆ ಅದೂ ಬೇಕಾಗಲಿಲ್ಲ. ಘಂಟೆಯ ಮೂರೂ ರೆಕಾರ್ಡಿಂಗನ್ನು ಪೂರ್ತಿ ತೆಗೆದೆವು. ದಿನಕ್ಕೆ ಮೂರು ಸಲ ಜೀವಂತ ಘಂಟೆ ಬಾರಿಸುವ ಕಟ್ಟಡದಲ್ಲಿ ಅದರ ಫೋಟೋ ಯಾಕೆ?

ಓಡಿಸುವುದು ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶ. ಹಿನ್ನೆಲೆಯ ಮೂರು ಪದರ—ಹೆಂಚು ತಟ್ಟುವುದು, ರುಬ್ಬುವ ಕಲ್ಲು, ದಂಡೆಯ ನೀರು—7, 11, 13 ನಿಮಿಷದ ಸುತ್ತುಗಳು. ಮೂರೂ ಅವಿಭಾಜ್ಯ ಸಂಖ್ಯೆಯಾದ್ದರಿಂದ ಮೊದಲಿನ ಸ್ಥಿತಿಗೆ ಒಟ್ಟಾಗಿ ಮರಳಲು 1,001 ನಿಮಿಷ ಬೇಕು, ಅಂದರೆ 16 ಗಂಟೆ 41 ನಿಮಿಷ. ದಿನಕ್ಕೆ ಐದು ಗಂಟೆ ತೆರೆದಿಟ್ಟರೆ ಮೂರು ದಿನ ಒಂದೇ ಜೋಡಣೆ ಮರುಕಳಿಸುವುದಿಲ್ಲ. ಇವುಗಳ ಮೇಲೆ ದನಿಗಳು 20ರಿಂದ 90 ಸೆಕೆಂಡಿನ ಬಿಡುವಿನಲ್ಲಿ ಬರುತ್ತವೆ, ಏಕಕಾಲಕ್ಕೆ ಮೂರು ಮೀರದ ಹಾಗೆ. ಮೊದಲು ಐದು ಇಟ್ಟಿದ್ದೆವು, ಸಂತೆಯಾಯಿತು. ಕರೆಂಟು ಹೋಗಿಬಂದರೆ ಪೈ ತಾನೇ ಎದ್ದು ಶುರುಮಾಡಬೇಕು. ಅದರ ಮೆಮೊರಿ ಕಾರ್ಡನ್ನು ಓದಲು ಮಾತ್ರ ಆಗುವಂತೆ ಓವರ್ಲೇ ವ್ಯವಸ್ಥೆಗೆ ಹಾಕದಿದ್ದರೆ, ಬರೆಯುವ ಹೊತ್ತಿಗೆ ಕರೆಂಟು ಹೋಗಿ ಎರಡನೇ ವಾರದಲ್ಲಿ ಎಲ್ಲ ಸತ್ತಿರುತ್ತದೆ.

ಮಟ್ಟ ಎಷ್ಟು? ಒಂದು ಮೀಟರಿನಲ್ಲಿ 58 ಡೆಸಿಬೆಲ್, ಎದುರು ಕೂತವರು ಮೆಲ್ಲಗೆ ಮಾತಾಡಿದಷ್ಟು. ಫ್ಯಾನು ಹಾಕಿದರೆ ಇದು ಸಾಲುವುದಿಲ್ಲ. ಸೆಕೆಯಲ್ಲಿ ಫ್ಯಾನು ಬೇಡವೆನ್ನುವುದೂ ಆಗದ ಮಾತು. ಬಹಳ ವಾದದ ನಂತರ ಸ್ಪೀಕರಿನ ಎದುರಿನ ಫ್ಯಾನುಗಳನ್ನು ಮಾತ್ರ ಆರಿಸಿ, ನಡುವಿನ ಸಾಲನ್ನು ಎರಡನೇ ಸ್ಪೀಡಿನಲ್ಲಿ ಬಿಟ್ಟೆವು. ಕಿಟಕಿ ಬಾಗಿಲು ತೆರೆದೇ ಇರುವ ಕಾರಣ ಪಕ್ಕದ ಮನೆಯವರನ್ನೂ ಕೇಳಬೇಕಾಯಿತು. ಜರ್ಮನಿಯ ಹಾಲ್ಬರ್‌ಸ್ಟಾಟ್‌ನ ಹಳೆಯ ಬುರ್ಕಾರ್ಡಿ ಚರ್ಚಿನಲ್ಲಿ ಜಾನ್ ಕೇಜ್‌ನ ಆರ್ಗನ್ ಕೃತಿಯೊಂದು 2001ರ ಸೆಪ್ಟೆಂಬರ್ 5ರಿಂದ ನಡೆಯುತ್ತಿದೆ, 639 ವರ್ಷ ನಡೆಯಬೇಕಾದದ್ದು. ಅಲ್ಲಿ ಹಗಲೂ ರಾತ್ರಿ ನಿಲ್ಲದ ಸ್ವರಕ್ಕಾಗಿ ವಾದ್ಯಕ್ಕೇ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿದ್ದಾರೆ. ನಮಗೆ ಸಂಜೆ ಐದೂವರೆಗೆ ನಿಲ್ಲುವ ಟೈಮರ್ ಸಾಕಾಯಿತು.

ಮಧ್ಯಾಹ್ನ ಪ್ರಾರ್ಥನೆಗೆ ಬರುವ ಇಬ್ಬರು ಬಾಯಿಗಳು ಯಾವಾಗಲೂ ಎಡಗಡೆಯ ಮುಂದಿನ ಬೆಂಚಿನಲ್ಲೇ ಕೂರುವುದು. ಅವರ ತಲೆಯ ಪಕ್ಕದ ಕಿಟಕಿಯಲ್ಲಿ ಮಕ್ಕಳು ಎಣಿಸುತ್ತಿದ್ದರು. ಅವರು ಏನೂ ಹೇಳಲಿಲ್ಲ. ಎದ್ದು ಮೂರು ಸಾಲು ಹಿಂದೆ ಹೋಗಿ ಕೂತರು. ಆ ಸ್ಪೀಕರನ್ನು ತೆಗೆದು ಮುಖಮಂಟಪಕ್ಕೆ ಒಯ್ದೆವು, ಗುಮಟೆಗೆ. ಒಳಗೆ ಏಳು, ಹೊರಗೆ ಒಂದು.

ಏಳನೇ ದಿನ, ಶುಕ್ರವಾರ: ಹಗ್ಗದ ಕೊಂಡಿ

ಒಂಬತ್ತಕ್ಕೆ ತೆರೆದದ್ದು ಶಾಲೆಯ ಮಕ್ಕಳಿಗೆ. ಅವರು ಐದು ನಿಮಿಷದಲ್ಲಿ ಅಜ್ಜಿಯ ಕೂಗನ್ನು ಕಲಿತು ವಾಪಸ್ ಕೂಗತೊಡಗಿದರು. ಹೆಂಚಿನ ಹಿರಿಯರು ಬಂದು ಬಲಗಡೆಯ ಎರಡನೇ ಕಿಟಕಿಯ ಪಕ್ಕ ಕೂತು, ತಮ್ಮದೇ "ಬಿಸಾಡಿ" ಕೇಳಿ ಮೇಲೆ ಮಾಡಿನತ್ತ ನೋಡಿದರು.

ತೊಂದರೆ ಬಂದದ್ದು ಹಗಲಿನ ಘಂಟೆಗೆ. ದೇವದೂತನ ಪ್ರಾರ್ಥನೆಯ ಘಂಟೆ ಮೂರು, ಮೂರು, ಮೂರು, ಕೊನೆಗೆ ಒಂಬತ್ತು ಏಟು. ಪೈಗೆ ಹನ್ನೆರಡು ಗಂಟೆಗೆ ಸರಿಯಾಗಿ ಸುಮ್ಮನಾಗಲು ಹೇಳಿತ್ತು. ಘಂಟೆ ಬಾರಿಸುವವರ ವಾಚು ನಾಲ್ಕು ನಿಮಿಷ ಮುಂದೆ. ಹನ್ನೊಂದು ಐವತ್ತಾರಕ್ಕೆ ಮೊದಲ ಏಟು ಬಿದ್ದಾಗ ಒಳಗೆ ಓಬೇಲೆ ನಡೆಯುತ್ತಿತ್ತು. ಫಾದರಿನ ಎರಡನೇ ಷರತ್ತು ಮೊದಲ ದಿನವೇ ಮುರಿಯಿತು.

ಅವರ ವಾಚನ್ನು ತಿದ್ದುವುದು ಸುಲಭ, ಆದರೆ ಊರು ನಡೆಯುವುದೇ ಆ ವಾಚಿನ ಮೇಲೆ. ಜೊತೆಗೆ ಸಾವಿನ ಘಂಟೆಗೆ ಯಾವ ಟೈಮರೂ ಇಲ್ಲ. ಮೈಕು ಇಟ್ಟು ಘಂಟೆಯ ಸದ್ದಿಗೆ ನಿಲ್ಲಿಸಬಹುದು, ಆಗ ಮೊದಲ ಏಟು ಹೇಗೂ ದನಿಯ ಮೇಲೆ ಬಿದ್ದಿರುತ್ತದೆ. ಅವರು ಬಾರಿಸುವುದನ್ನು ಎರಡು ಸಲ ನೋಡಿದೆವು. ಹಗ್ಗ ಯಾವಾಗಲೂ ಗೋಡೆಯ ಕಬ್ಬಿಣದ ಕೊಂಡಿಗೆ ಸುತ್ತಿರುತ್ತದೆ. ಬಾರಿಸುವ ಮುಂಚೆ ಅವರು ಅದನ್ನು ಬಿಡಿಸಿ, ಶಿಲುಬೆಯ ಗುರುತು ಹಾಕಿ, ಆಮೇಲೆ ಎಳೆಯುತ್ತಾರೆ. ಆರೇಳು ಸೆಕೆಂಡ್ ಸಿಗುತ್ತದೆ.

ಬಿ.ಸಿ. ರೋಡಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಾಗಿಲಿನ ಕಳ್ಳ ಅಲಾರಾಂಗೆ ಹಾಕುವ ಮ್ಯಾಗ್ನೆಟ್ ಸ್ವಿಚ್ ಸಿಕ್ಕಿತು. ಅಯಸ್ಕಾಂತದ ತುಂಡನ್ನು ಹಗ್ಗದ ಸುತ್ತಿಗೆ ಬಟ್ಟೆಯಲ್ಲಿ ಹೊಲಿದೆವು, ಸ್ವಿಚ್ಚಿನ ಭಾಗವನ್ನು ಕೊಂಡಿಗೆ ನೂಲಿನಿಂದ ಕಟ್ಟಿದೆವು. ಅಲ್ಲಿಂದ ಪೈಗೆ 14 ಮೀಟರ್ ಸಣ್ಣ ಎರಡೆಳೆ, ಒಂದಕ್ಕೊಂದು ಹೆಣೆದು. ಮೊದಲ ಸಲ ಟ್ಯೂಬ್‌ಲೈಟ್ ಹಾಕಿದಾಗೆಲ್ಲ ಸುಳ್ಳು ಸಂಕೇತ ಬಂತು, ಉದ್ದ ತಂತಿ ಆಂಟೆನಾ ಆಗಿತ್ತು. ಪೈ ತುದಿಯಲ್ಲಿ ಒಂದು ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ತಂತ್ರಾಂಶದಲ್ಲಿ 200 ಮಿಲಿಸೆಕೆಂಡ್ ಕಾಯುವುದು ಸೇರಿಸಿದ ಮೇಲೆ ತಣ್ಣಗಾಯಿತು. ಹಗ್ಗ ಕೊಂಡಿ ಬಿಟ್ಟರೆ ಎಲ್ಲ ದನಿಗಳೂ ಮೂರು ಸೆಕೆಂಡಿನಲ್ಲಿ ಇಳಿಯುತ್ತವೆ. ಮರಳಿ ಸುತ್ತಿದ ಮೇಲೆ 25 ಸೆಕೆಂಡ್, ಘಂಟೆಯ ಬಾಲ ಮುಗಿಯುವ ತನಕ ಕಾಯುತ್ತವೆ. ಯಾವುದಕ್ಕೂ ಇರಲಿ ಎಂದು ಪೂಜೆಯ ಉಡುಪಿಡುವ ಕೋಣೆಯಲ್ಲಿ ಎಲ್ಲವನ್ನೂ ಆರಿಸುವ ಕೆಂಪು ಸ್ವಿಚ್ಚೂ ಒಂದು.

ಟೈಮರನ್ನು ಅವತ್ತಿನ ಮಟ್ಟಿಗೆ ಸಂಜೆಯ ಘಂಟೆಯ ತನಕ ಎಳೆದಿದ್ದೆವು. ಎಡಗಡೆಯ ಎರಡನೇ ಕಿಟಕಿಯಲ್ಲಿ ವೊವಿಯೊ ನಡೆಯುತ್ತಿತ್ತು. ಘಂಟೆ ಬಾರಿಸುವವರು ಬಂದು, ಹೊಲಿದ ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ಎಳೆದರೆ ಕಿತ್ತು ಬರುವುದಿಲ್ಲವಲ್ಲ?" ಎಂದು ಕೇಳಿದರು. ಹಗ್ಗ ಬಿಡಿಸಿದರು. ಹಾಡು ಇಳಿಯಿತು. ಮೂರು, ಮೂರು, ಮೂರು, ಒಂಬತ್ತು. ಹಗ್ಗವನ್ನು ಕೊಂಡಿಗೆ ಸುತ್ತಿ, ವಾಚು ನೋಡಿಕೊಂಡು ಅಲ್ಲೇ ನಿಂತರು. ಮಾಡಿನ ಮರ ಟಿಕ್ ಎಂದಿತು, ಇನ್ನೊಮ್ಮೆ ಎಂದಿತು. ಆಮೇಲೆ ಬಲಗಡೆಯ ಕೊನೆಯ ಕಿಟಕಿಯಿಂದ ಯಾರೋ ದೋಣಿ ಕರೆದರು.